ತಾಳೆಗರಿಯಿಂದ ಹೃದಯದ ಕವಾಟದವರೆಗೆ

1675ರಲ್ಲಿ ಕೊಚ್ಚಿಯ ಮೂವರು ವೈದ್ಯರು ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲಿ ಒಂದು ಪ್ರಮಾಣಪತ್ರ ಬರೆದುಕೊಟ್ಟರು. ಅವರು ರಂಗಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪುಭಟ್ಟ. ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಮಾಡಿಸುತ್ತಿದ್ದ ಗ್ರಂಥಕ್ಕೆ ತಾವು ಮಾಹಿತಿ ಕೊಟ್ಟಿದ್ದೇವೆ ಎಂಬುದು ಅದರ ಸಾರ. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ತಮ್ಮ ಮನೆತನದ ತಾಳೆಗರಿಯ ವಿದ್ಯೆಯನ್ನು ಒದಗಿಸಿದರು. ಆ ಗ್ರಂಥ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಂನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಲ್ಯಾಟಿನ್ ಗ್ರಂಥವೊಂದರಲ್ಲಿ ನಮ್ಮ ಕರಾವಳಿಯ ವೈದ್ಯರ ಹೆಸರು ಅವರದೇ ಲಿಪಿಯಲ್ಲಿ ಉಳಿಯಿತು. ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಮಾಡಿದ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಹೊರತಂದಿತು.

ಇನ್ನು ಕೊಚ್ಚಿಯಿಂದ ತಿರುವನಂತಪುರಕ್ಕೆ, ನಮ್ಮ ಕಾಲದ ವೈದ್ಯರ ಕಡೆಗೆ ಬರೋಣ. ಅಲ್ಲಿ ಮೆಡಿಕಲ್ ಕಾಲೇಜಿನ ಕಡೆ ಹೋದರೆ ಶ್ರೀಚಿತ್ರಾ ತಿರುನಾಳ್ ವೈದ್ಯಕೀಯ ಸಂಸ್ಥೆ ಸಿಗುತ್ತದೆ. ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಅದನ್ನು ಕಟ್ಟಿ ನಿಲ್ಲಿಸಿದರು. ಕೇರಳದ ಬಡ ಮಕ್ಕಳಲ್ಲಿ ಹೃದಯದ ಒಳಪದರ ಗಟ್ಟಿಯಾಗುವ ರೋಗ ಕಾಣುತ್ತಿತ್ತು. ಕರಾವಳಿಯ ಮೊನಜೈಟ್ ಮರಳಿನ ಸೀರಿಯಂ ಮತ್ತು ಊಟದಲ್ಲಿ ಮೆಗ್ನೀಸಿಯಂ ಕೊರತೆ ಸೇರಿ ಇದಕ್ಕೆ ಕಾರಣವಾಗಬಹುದೇ ಎಂದು ಅವರು ವರ್ಷಗಟ್ಟಲೆ ಹುಡುಕಿದರು.

ಅವರ ದೊಡ್ಡ ಹೋರಾಟ ಕೃತಕ ಕವಾಟದ್ದು. ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಹಫ್‌ನೇಗಲ್ 1952ರಲ್ಲಿ ರೋಗಿಗೆ ಅಳವಡಿಸಿದ ಕವಾಟದೊಳಗೆ ಒಂದು ಗುಂಡು ಇತ್ತು. ಅದು ಬಡಿಯುವ ಸದ್ದು ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು. ನಮ್ಮಲ್ಲಿ ಸಂಧಿವಾತ ಜ್ವರದಿಂದ ಎಳೆಯರ ಕವಾಟಗಳು ಕೆಡುತ್ತಿದ್ದವು, ಹೊರದೇಶದ ಕವಾಟ ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅಷ್ಟು ಸಲ ತೆರೆದು ಮುಚ್ಚುತ್ತ ವರ್ಷಗಟ್ಟಲೆ ಸವೆಯದೆ ಉಳಿಯುವ ಬಿಲ್ಲೆ ಕವಾಟಕ್ಕೆ ಬೇಕಿತ್ತು. ಮೊದಲ ಮಾದರಿಯಲ್ಲಿ ಬೆಸುಗೆ ಕೈಕೊಟ್ಟಿತು. ಮುಂದೆ ನೀಲಮಣಿಯ ಹರಳಿನ ಬಿಲ್ಲೆ ಹಾಕಿದರು. ಪರೀಕ್ಷೆಗೆಂದು ಅಳವಡಿಸಿದ ಕುರಿಯ ಹೃದಯದಲ್ಲಿ ಅದು ಒಡೆಯಿತು, ಕುರಿ ಸತ್ತಿತು. ಕೊನೆಗೆ ಗೆದ್ದದ್ದು ನಾಲ್ಕನೆಯ ಮಾದರಿ: ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಗಟ್ಟಿ ಪಾಲಿಥಿನ್ ಬಿಲ್ಲೆ, ಹೊಲಿಯಲು ಪಾಲಿಯೆಸ್ಟರ್ ಉಂಗುರ. ರತ್ನ ಸೋತಲ್ಲಿ ಪ್ಲಾಸ್ಟಿಕ್ ಬಾಳಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ರೋಗಿಗೆ ಅಳವಡಿಸಿದರು. ಈವರೆಗೆ 1 ಲಕ್ಷಕ್ಕೂ ಹೆಚ್ಚು ಜನರಿಗೆ ಆ ಕವಾಟ ಸಿಕ್ಕಿದೆ. ವಲಿಯತ್ತಾನ್ ಮುಂದೆ ಮಣಿಪಾಲದಲ್ಲಿ ಕುಲಪತಿಯಾದರು, ಆಯುರ್ವೇದದ ಚರಕ, ಸುಶ್ರುತ, ವಾಗ್ಭಟರ ಬಗ್ಗೆ ಗ್ರಂಥಗಳನ್ನು ಬರೆದರು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಮತ್ತೆ ಕೊಚ್ಚಿ. ಅಮೃತಾ ಆಸ್ಪತ್ರೆಯಲ್ಲಿ 2015ರಲ್ಲಿ ದೇಶದ ಮೊದಲ ಕೈ ಕಸಿ ನಡೆಯಿತು. 2017ರಲ್ಲಿ, ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಯುವತಿಗೆ ಅಲ್ಲಿ ಯುವಕನೊಬ್ಬನ ಕೈಗಳನ್ನು ಜೋಡಿಸಿದರು. ಬರಬರುತ್ತ ಆ ಕೈಗಳ ಬಣ್ಣ ಅವಳ ಮೈಬಣ್ಣಕ್ಕೆ ಹತ್ತಿರವಾಯಿತು, ಬೆರಳುಗಳು ತೆಳುವಾದವು. ಏಕೆ ಹೀಗಾಯಿತು ಎಂಬುದಕ್ಕೆ ವೈದ್ಯರ ಬಳಿ ಸದ್ಯಕ್ಕೆ ಇರುವುದು ಊಹೆಗಳು ಮಾತ್ರ.

ತಾಳೆಗರಿ, ಒಡೆದ ನೀಲಮಣಿ, ಬಣ್ಣ ತಿರುಗಿದ ಕೈ ಇವೆಲ್ಲ ನಮಗೆ ಗೊತ್ತಾದದ್ದು ಕಂಡವರು ಕಂಡ ಹಾಗೆ ದಾಖಲಿಸಿದ್ದರಿಂದ. ಸೋಲನ್ನೂ ಮುಚ್ಚಿಡದೆ ಹೇಳಿದ್ದರಿಂದ. ನಮ್ಮ ತಾಲ್ಲೂಕು ಆಸ್ಪತ್ರೆಗಳ ವೈದ್ಯರಲ್ಲಿ, ಹಳ್ಳಿಯ ನಾಟಿವೈದ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ವಿಚಿತ್ರವೆನಿಸಿದ್ದನ್ನು ತಾರೀಖು ಹಾಕಿ ಕನ್ನಡದಲ್ಲಿ ಬರೆದಿಡಿ.