ಕುಳಿಯ ಪರೀಕ್ಷೆಯೂ ಮಲೆನಾಡಿನ ನೆಲವೂ

ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯ ಸುತ್ತಣ ಮಲೆನಾಡಿನಲ್ಲಿ ಚೈತ್ರದಲ್ಲಿ ತೋಡಿದ ಕುಳಿಯೂ ಆಷಾಢದಲ್ಲಿ ತೋಡಿದ ಕುಳಿಯೂ ನೀರನ್ನು ಒಂದೇ ಪ್ರಮಾಣದಲ್ಲಿ ಹೀರಲಾರವು. ಪ್ರಾಚೀನರ ಭೂಪರೀಕ್ಷೆಯನ್ನು ಓದುವಾಗ ಈ ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ವಿಧಿಸಿರುವ ಕ್ರಮವಿದು: ನಿವೇಶನದ ನಡುವೆ ಒಂದು ಹಸ್ತದ ಕುಳಿಯನ್ನು ತೋಡಿ, ನೀರು ತುಂಬಿ, ನೂರು ಹೆಜ್ಜೆ ನಡೆದುಹೋಗಿ ಹಿಂದಿರುಗಿ ನೋಡಬೇಕು; ನೀರು ಕಡಮೆಯಾಗದಿದ್ದರೆ ನೆಲವು ಪ್ರಶಸ್ತ. ಇದನ್ನು ಬರಿಯ ಶಕುನವೆಂದು ತಳ್ಳಿಬಿಡುವುದು ಸರಿಯಲ್ಲ. ಇಲ್ಲಿ ಹೆಜ್ಜೆಯೇ ಕಾಲಮಾನ. ಹೋಗಿಬರುವ ಇನ್ನೂರು ಹೆಜ್ಜೆಗೆ ಸುಮಾರು 2 ನಿಮಿಷ ಹಿಡಿಯುವುದು. ಕಣ್ಣಿಗೆ ಗೋಚರಿಸುವ ಇಳಿತವನ್ನು 2 ಮಿಲಿಮೀಟರೆಂದು ಎಣಿಸಿದರೆ ಗಂಟೆಗೆ 60 ಮಿಲಿಮೀಟರಾಯಿತು. ಅದಕ್ಕಿಂತ ಮೆಲ್ಲಗೆ ನೀರಿಳಿಯುವ ನೆಲಗಳೆಲ್ಲವೂ ಈ ಪರೀಕ್ಷೆಗೆ ಸಮಾನವೇ.

ಅದೇ ಗ್ರಂಥದ ದಕಾರ್ಗಲಾಧ್ಯಾಯದ ಉದ್ದೇಶ ಬೇರೆ. ಮರ, ಹುತ್ತ ಮೊದಲಾದ ಕುರುಹುಗಳಿಂದ ಭೂಗರ್ಭದ ಜಲವನ್ನು ಊಹಿಸುವುದು ಅದರ ವಿಷಯ. ನೇರಿಲ ಮರದ ಪೂರ್ವಕ್ಕೆ ಹುತ್ತವಿದ್ದರೆ ಅದರ ದಕ್ಷಿಣಕ್ಕೆ ಎರಡು ಪುರುಷ ಆಳದಲ್ಲಿ ಸಿಹಿನೀರೆಂದು ಅಲ್ಲಿ ಹೇಳಿದೆ. ಕನ್ನಡದಲ್ಲಿ ಈ ವಿದ್ಯೆಯು ಕ್ರಿ. ಶ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಕಾಣಬರುತ್ತದೆ. ಆದರೆ ನೀರು ಎಷ್ಟು ಆಳದಲ್ಲಿದೆಯೆಂದು ಕೇಳಿದವರು, ಅದು ಮಣ್ಣಿನೊಳಗೆ ಎಷ್ಟು ಬೇಗ ಸರಿಯುವುದೆಂದು ಕುಳಿಯಿಂದ ಅಳೆಯಲಿಲ್ಲ. ಕುಳಿಯನ್ನು ಅಳೆದವರು ಬಾವಿಯನ್ನು ನೆನೆಯಲಿಲ್ಲ. ಮರಳಿನ ಮೂಲಕ ಹರಿಯುವ ನೀರಿಗೆ ಗಣಿತನಿಯಮವು ದೊರೆತುದು ಫ್ರಾನ್ಸ್ ದೇಶದ ಡಿಜೋನ್ ನಗರದ ನೀರು ಸರಬರಾಯಿಯ ಸಂಬಂಧವಾಗಿ ಡಾರ್ಸಿಯು 1856ರಲ್ಲಿ ಪ್ರಕಟಿಸಿದ ಗ್ರಂಥದಿಂದ.

ಈಗಿನ ಶೋಧಕರು ಬೈರಿಗೆಯಿಂದ ನೆಲದಲ್ಲಿ ಸಣ್ಣ ರಂಧ್ರವನ್ನು ಕೊರೆದು, ಅದರಲ್ಲಿ ನೀರನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ, ಹಾಗೆ ನಿಲ್ಲಿಸಲು ಬೇಕಾಗುವ ನೀರನ್ನು ಅಳೆಯುವರು. ಒಣಮಣ್ಣು ಮೊದಲು ತನ್ನ ದಾಹಕ್ಕಾಗಿ ಹೀರುತ್ತದೆ. ಆದುದರಿಂದ ಹರಿವು ಸ್ಥಿರವಾಗುವವರೆಗೂ ಕಾಯುವರು. ನೂರು ಹೆಜ್ಜೆಯ ಪರೀಕ್ಷೆಯಲ್ಲಿ ಇಲ್ಲದಿರುವುದು ಈ ಕಾಯುವಿಕೆಯೇ. ಉತ್ತರ ಕನ್ನಡದ ನೆಲಗಳಲ್ಲಿ ಇಂತಹ ಉಪಕರಣಗಳಿಂದ ಅಳೆದು 2010ರಲ್ಲಿ ಪ್ರಕಟಿಸಿದ ಫಲಿತಾಂಶವು, ಸ್ವಾಭಾವಿಕ ಕಾಡಿಗಿಂತ ಹಾಳಾದ ಕಾಡಿನ ಮೇಲ್ಮಣ್ಣಿನಲ್ಲಿ ನೀರಿನ ಚಲನೆ ಬಹಳ ಕಡಮೆಯೆಂದು ತೋರಿಸಿತು. ಅಂಥ ಕಡೆ ಬಿರುಮಳೆಯು ಇಂಗದೆ ನೆಲದ ಮೇಲೆಯೇ ಹರಿದುಹೋಗುವುದು. ವಾಸ್ತುಕಾರನು ಹೊಗಳುವ ನೆಲವೇ ಬಾವಿಗೆ ವೈರಿಯಾದ ವಿಚಿತ್ರವಿದು.

ಜಂಬಿಟ್ಟಿಗೆಯ ನೆಲದಲ್ಲಂತೂ ಒಂದು ಕುಳಿಯು ಟೊಳ್ಳಿಗೆ ತಾಗಿದರೆ, ಮಾರು ದೂರದ ಇನ್ನೊಂದು ಜೇಡಿಗೆ ತಾಗಬಹುದು. ಒಂದೇ ಕುಳಿಯ ಸಾಕ್ಷ್ಯವು ಮನೆಯ ತಳಪಾಯಕ್ಕೆ ಸಾಕಾದೀತು, ಗುಡ್ಡದ ಇಳಿಜಾರಿಗೆ ಸಾಲದು. ಬೃಹತ್ಸಂಹಿತೆಯ ವಿಧಿಯಲ್ಲಿ ಋತುವಿನ ಪ್ರಸ್ತಾಪವಿಲ್ಲ. ಬಸರೀಕಟ್ಟೆಯಲ್ಲಿ ಚೈತ್ರದಲ್ಲಿ ಅಪ್ರಶಸ್ತವಾದ ನಿವೇಶನವು ಆಷಾಢದಲ್ಲಿ ಪ್ರಶಸ್ತವಾಗಬಹುದು.