ತೊಟ್ಟಿಮನೆ

ತೊಟ್ಟಿಮನೆ: ನಡುವೆ ಆಕಾಶಕ್ಕೆ ತೆರೆದ ಅಂಗಳವನ್ನು (ತೊಟ್ಟಿ) ಇಟ್ಟು ಸುತ್ತಲೂ ಪಡಸಾಲೆ, ಕೋಣೆಗಳನ್ನು ಕಟ್ಟಿದ ಸಾಂಪ್ರದಾಯಿಕ ವಾಸದ ಮನೆ. ಹಳೆಯ ಮೈಸೂರು ಸೀಮೆಯ ಒಕ್ಕಲು ಕುಟುಂಬಗಳಲ್ಲಿ ರೂಢವಾದ ಮಾದರಿ. ಭೇರ್ಯ, ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣಗಳ ಕಡೆಯೂ ಉಂಟು. ಅಳತೆಯನ್ನು ಅಂಕಣಗಳಲ್ಲಿ ಹೇಳುವುದು ವಾಡಿಕೆ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಅನುಕೂಲಸ್ಥರದು ಎರಡು ತೊಟ್ಟಿಯ ಮನೆ.

ತಳಪಾಯ ಕಲ್ಲಿನದು, ಗೋಡೆ ಸಾಮಾನ್ಯವಾಗಿ ದಪ್ಪನೆಯ ಮಣ್ಣಿನದು. ಮರದ ಕಂಬ, ಬೋದಿಗೆ, ತೊಲೆಗಳು ಒಳಮುಖವಾಗಿ ಇಳಿಯುವ ಸೂರನ್ನು ಹೊರುತ್ತವೆ. ಮಳೆನೀರು ತೊಟ್ಟಿಗೆ ಬಿದ್ದು ಮೋರಿಯಿಂದ ಹೊರಹೋಗುತ್ತದೆ. ಹೊದಿಕೆ ಮೊದಲು ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಮಂಗಳೂರು ಹೆಂಚೂ ಬಂತು. ಮುಂದೆ ಜಗಲಿ, ಒಳಗೆ ನಡುಮನೆ, ಅಡುಗೆಮನೆ, ದೇವರ ಕೋಣೆ, ಮೇಲೆ ಅಟ್ಟ. ಅನೇಕ ಮನೆಗಳಲ್ಲಿ ದನದ ಕೊಟ್ಟಿಗೆಯೂ ಅದೇ ಸೂರಿನಡಿ.

ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಇದು ಕಿರಿದಾದ ಬಾಯಿಯ ನೆಲಗುಂಡಿ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದು. ತೆರೆದಾಗ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

1924ರ ಕಾವೇರಿ ಪ್ರವಾಹದ ನಂತರ ಎಡತೊರೆಯ ಜನರಿಗಾಗಿ ನಿರ್ಮಾಣವಾದ ಕೃಷ್ಣರಾಜನಗರದ್ದು ನೇರ ಬೀದಿಗಳ ಯೋಜಿತ ವಿನ್ಯಾಸ. ತೊಟ್ಟಿಮನೆ ಇಂಥ ಹೊಸ ಊರಿಗಿಂತ ಹೆಚ್ಚಾಗಿ ಹಳ್ಳಿಗಳಲ್ಲಿ ಉಳಿಯಿತು. ಅವಿಭಕ್ತ ಕುಟುಂಬಗಳು ಪಾಲಾದಂತೆ ತೊಟ್ಟಿಯ ನಡುವೆಯೇ ಗೋಡೆ ಎದ್ದದ್ದುಂಟು. ಮರದ ಬೆಲೆ, ಹೆಂಚು ಕೈಯಾಡಿಸುವ ಖರ್ಚು, ತಾರಸಿ ಮನೆಯ ಒಲವು ಉಳಿದವನ್ನು ಕರಗಿಸುತ್ತಿವೆ. ಕಳಚಿದ ಕಂಬ, ಬಾಗಿಲುಗಳು ಹಳೆ ಮರದ ವ್ಯಾಪಾರಿಗಳ ಪಾಲಾಗುತ್ತವೆ.