ಮೆಕೆಂಜಿಯ ಕೀರ್ತಿ: ಒಂದು ಪುನರ್ವಿಚಾರ

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಪ್ರಕಟಿಸಿದ ಕೈಫಿಯತ್ತುಗಳಿಂದ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಕನ್ನಡ ವಿದ್ವಾಂಸರಲ್ಲಿ ಮತ್ತಷ್ಟು ಮಾನ್ಯವಾಯಿತು. ಈ ಮಾನ್ಯತೆಯು ಯುಕ್ತವೇ. ಆದರೆ ಅದು ಆತನೊಬ್ಬನಿಗೇ ಸಲ್ಲತಕ್ಕುದೆ? ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಬಳಿಕ ಮೈಸೂರು ಸೀಮೆಯನ್ನು ಅಳೆಯಲು ಕಂಪೆನಿಯಿಂದ ನಿಯುಕ್ತನಾದ ಈ ಸೈನಿಕನಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಊರೂರು ತಿರುಗಿ ಶಾಸನ, ಕಡತ, ವೃದ್ಧರ ಬಾಯಿಮಾತುಗಳನ್ನು ಬರೆದು ತಂದವರು ಕಾವಲಿ ವೆಂಕಟ ಬೋರಯ್ಯನೂ ಆತನ ತಮ್ಮ ಲಕ್ಷ್ಮಯ್ಯನೂ ಅವರ ಸಂಗಡಿಗರೂ. ಬೋರಯ್ಯನಿಂದಲೇ ಭಾರತೀಯ ವಿದ್ಯೆಯ ಬಾಗಿಲು ತನಗೆ ತೆರೆಯಿತೆಂದು ಮೆಕೆಂಜಿಯು 1817ರ ಪತ್ರವೊಂದರಲ್ಲಿ ಒಪ್ಪಿಕೊಂಡಿರುವನು. ಇದು ಆತನಿಗೆ ಭೂಷಣವೇ ಸರಿ. ಆತನು 1821ರಲ್ಲಿ ತೀರಿಕೊಂಡನು. ಮುಂದೆ ಆ ಸಂಗ್ರಹಕಾರ್ಯವನ್ನು ತಾನು ನಡೆಸುವೆನೆಂದು ಲಕ್ಷ್ಮಯ್ಯನು ಬೇಡಿದಾಗ, ದೇಶೀಯನಿಗೆ ಅಷ್ಟು ಯೋಗ್ಯತೆಯಿಲ್ಲವೆಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯವರು ನಿರಾಕರಿಸಿದರು. ಗ್ರಂಥಗಳನ್ನು ಪರಿಶೀಲಿಸುವ ಕೆಲಸವು ಪಾದ್ರಿ ವಿಲಿಯಂ ಟೇಲರನಿಗೆ ದೊರೆಯಿತು.